ತೋಟಾಕ್ಕೆ ಸವರಿದ ಕೊಬ್ಬು

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟರೆ, ಶಿವಗಂಗೆಯ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಸಿಗುವ ಊರು ದಾಬಸ್‌ಪೇಟೆ. ನೆಲಮಂಗಲ ತಾಲೂಕಿನ ಈ ಊರನ್ನು ಇಂದು ಹೆಚ್ಚಿನವರು ಕಾರ್ಖಾನೆಗಳಿಂದ ಗುರುತಿಸುತ್ತಾರೆ. ಅದರ ಹೆಸರಿನಲ್ಲಿ ಮಾತ್ರ ಒಬ್ಬ ಬ್ರಿಟಿಷ್ ಅಧಿಕಾರಿ ಉಳಿದುಕೊಂಡಿದ್ದಾನೆ. 1831ರಲ್ಲಿ ಮೈಸೂರಿನ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಗೆ ತೆಗೆದುಕೊಂಡಿತು. ಆ ಬಳಿಕ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗವನ್ನು ನೋಡಿಕೊಂಡ ಸೂಪರಿಂಟೆಂಡೆಂಟ್ ಡಾಬ್ಸ್. ಉತ್ತರ ಭಾರತ ಹೊತ್ತಿ ಉರಿದ 1857ರಲ್ಲಿ ಕಬ್ಬನ್, ಡಾಬ್ಸ್ ಮೊದಲಾದವರ ಆಡಳಿತದಲ್ಲಿದ್ದ ಈ ಸೀಮೆ ಬಹುಮಟ್ಟಿಗೆ ಶಾಂತವಾಗಿತ್ತು.

ಆ ದಿನಗಳಲ್ಲಿ ಈ ದಾರಿಯಲ್ಲಿ ಸಾಗುತ್ತಿದ್ದುದು ಎತ್ತಿನ ಗಾಡಿಗಳು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾವ ಗಾಡಿಯವನೂ ದೂರದ ಪಯಣ ಹೊರಡುತ್ತಿರಲಿಲ್ಲ. ಎಣ್ಣೆ ತನ್ನದೇ ಹೊಲದ ಹರಳಿನದು. ಆದ್ದರಿಂದ ಅದರಲ್ಲೇನಿದೆ ಎಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಅದೇ ಕಾಲದಲ್ಲಿ ಬಂಗಾಳದ ಸಿಪಾಯಿ ತನ್ನ ತೋಟಾಕ್ಕೆ ಸವರಿದ ಜಿಡ್ಡು ಯಾವುದೆಂದು ಕೇಳಿದ. ಸಾಮ್ರಾಜ್ಯದ ಬಳಿ ನೇರವಾದ ಉತ್ತರವಿರಲಿಲ್ಲ.

1857ರ ತೋಟಾದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಎರಡು ಸಾಲಿನಲ್ಲಿ ಓದಿದ್ದೇವೆ: ದನದ ಕೊಬ್ಬು, ಹಂದಿಯ ಕೊಬ್ಬು, ದಂಗೆ. ಆದರೆ ಜಿಡ್ಡು ಏಕೆ ಬೇಕಾಗಿತ್ತು, ಅದನ್ನು ಯಾರು ಆರಿಸಿದರು, ಬೇರೆ ಜಿಡ್ಡು ಸಾಧ್ಯವಿರಲಿಲ್ಲವೇ ಎಂಬ ಪ್ರಶ್ನೆಗಳನ್ನು ಪಠ್ಯಪುಸ್ತಕ ಕೇಳುವುದಿಲ್ಲ.

ಹಳೆಯ ಬಂದೂಕಿನ ನಳಿಗೆಯ ಒಳಭಾಗ ನುಣುಪು. ಗುಂಡು ಸಡಿಲವಾಗಿ ಒಳಗಿಳಿಯುತ್ತಿತ್ತು. ಗುರಿ ನೂರು ಗಜ ದಾಟಿದರೆ ನಂಬುವಂತಿರಲಿಲ್ಲ. ಹೊಸದಾಗಿ ಬಂದ 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದವು. ಗುಂಡು ತಿರುಗುತ್ತ ಹೊರಬಂದು ಹಲವು ನೂರು ಗಜ ದೂರದ ಗುರಿಯನ್ನು ಮುಟ್ಟುತ್ತಿತ್ತು. ಇದಕ್ಕೆ ಗುಂಡು ನಳಿಗೆಗೆ ಬಿಗಿಯಾಗಿ ಹೊಂದಬೇಕು. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಕೆಲವು ಸಲ ಹಾರಿಸಿದೊಡನೆ ಗೀರುಗಳಲ್ಲಿ ಕಿಟ್ಟ ಗಟ್ಟಿಯಾಗಿ ಮುಂದಿನ ಗುಂಡು ಕೆಳಗಿಳಿಯುವುದೇ ಇಲ್ಲ. ಕಿಟ್ಟವನ್ನು ಮೆದುವಾಗಿಡಲು ಜಿಡ್ಡು ಬೇಕು. ಜಿಡ್ಡಿಲ್ಲದ ಎನ್‌ಫೀಲ್ಡ್ ಯುದ್ಧದ ನಡುವೆ ಬರಿಯ ದೊಣ್ಣೆ.

ತೋಟಾ ಎಂದರೆ ಆಗ ಹಿತ್ತಾಳೆಯ ಕೊಳವೆಯಲ್ಲ, ಕಾಗದದ ಸುರುಳಿ. ಒಂದು ತುದಿಯಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಮದ್ದು, ಇನ್ನೊಂದು ತುದಿಯಲ್ಲಿ ಸೀಸದ ಗುಂಡು. ಗುಂಡಿನ ಕಡೆಯ ಕಾಗದಕ್ಕೆ ಜಿಡ್ಡು. ಸಿಪಾಯಿ ಮದ್ದಿನ ತುದಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಜಿಡ್ಡಿನ ಕಾಗದದ ಸಮೇತ ಗುಂಡನ್ನು ಗಜದಿಂದ ತಳ್ಳುತ್ತಿದ್ದ. ಒಂದು ಕೈಯಲ್ಲಿ ಬಂದೂಕು ಹಿಡಿದವನಿಗೆ ಹಲ್ಲೇ ಸುಲಭವಾದ ಸಾಧನ. ಜಿಡ್ಡು ಇನ್ನೊಂದು ತುದಿಯಲ್ಲಿತ್ತು ನಿಜ. ಆದರೆ ಬಿಸಿಲಿನಲ್ಲಿ, ಚೀಲದೊಳಗೆ ಒಂದರ ಮೇಲೊಂದು ಒತ್ತಿಟ್ಟ ತೋಟಾಗಳಲ್ಲಿ ಜಿಡ್ಡು ಎಲ್ಲಿ ನಿಲ್ಲುತ್ತದೆ?

ಇಂಗ್ಲೆಂಡಿನಲ್ಲಿ ಬಳಸುತ್ತಿದ್ದುದು ಪ್ರಾಣಿಕೊಬ್ಬು, ಸ್ಟಿಯರಿನ್ ಮತ್ತು ಮೇಣದ ಮಿಶ್ರಣ. ಅಲ್ಲಿ ಕೊಬ್ಬು ಯಾವ ಪ್ರಾಣಿಯದೆಂದು ಯಾರೂ ಕೇಳಬೇಕಾಗಿರಲಿಲ್ಲ. ಇಲ್ಲಿ ಕೇಳಬೇಕಾಗಿತ್ತು, ಮತ್ತು ಒಬ್ಬ ಕೇಳಿದ್ದ. 1853ರಲ್ಲಿ ಹವೆ ಪರೀಕ್ಷೆಗೆಂದು ಜಿಡ್ಡು ಸವರಿದ ತೋಟಾಗಳು ಭಾರತಕ್ಕೆ ಬಂದಾಗ, ಬಂಗಾಳ ಸೇನೆಯ ಅಜುಟೆಂಟ್ ಜನರಲ್ ಆಗಿದ್ದ ಕರ್ನಲ್ ಹೆನ್ರಿ ಟಕರ್ ಎಚ್ಚರಿಕೆ ಬರೆದ. ದೇಶೀಯ ಸಿಪಾಯಿಗಳ ಧರ್ಮಕ್ಕೆ, ಜಾತಿಗೆ ವಿರುದ್ಧವಲ್ಲದ ಜಿಡ್ಡೆಂದು ಖಚಿತವಾಗದೆ ಇವುಗಳನ್ನು ಅವರಿಗೆ ಕೊಡಬಾರದು ಎಂಬುದು ಅದರ ಸಾರ. ಆ ಕಾಗದ ಕಡತದಲ್ಲಿ ಉಳಿಯಿತು. ಕಲ್ಕತ್ತದಲ್ಲಿ ತೋಟಾ ತಯಾರಿಸಲು ಗುತ್ತಿಗೆದಾರರಿಂದ ಕೊಬ್ಬು ಕೊಂಡಾಗ ಅದು ಯಾವ ಪ್ರಾಣಿಯದಾಗಿರಬೇಕೆಂಬ ಷರತ್ತೇ ಇರಲಿಲ್ಲ. ಹಂದಿಯ ಕೊಬ್ಬು ಸೇರಿತ್ತು ಎನ್ನಲು ಗಟ್ಟಿಯಾದ ಪುರಾವೆಯಿಲ್ಲ. ದನದ ಕೊಬ್ಬು ಇದ್ದಿರಬಹುದು ಎಂಬುದನ್ನು ಅಧಿಕಾರಿಗಳೂ ಅಲ್ಲಗಳೆಯಲಾಗಲಿಲ್ಲ.

1857ರ ಜನವರಿಯಲ್ಲಿ ದಮ್‌ದಮ್‌ನ ಶಸ್ತ್ರಾಗಾರದಲ್ಲಿ ಸುದ್ದಿ ಹೊರಬಿತ್ತು. ಕ್ಯಾಪ್ಟನ್ ರೈಟ್ 22ರಂದು ಅದನ್ನು ಮೇಲಿನವರಿಗೆ ವರದಿ ಮಾಡಿದ. ಸರ್ಕಾರ ನಿಧಾನಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆ ತಿಂಗಳು ಮುಗಿಯುವುದರೊಳಗೆ, ತೋಟಾಗಳನ್ನು ಜಿಡ್ಡಿಲ್ಲದೆಯೇ ಕೊಡಬೇಕು, ಸಿಪಾಯಿಗಳು ಬಜಾರಿನಿಂದ ಜೇನುಮೇಣ ಮತ್ತು ಎಣ್ಣೆ ತಂದು ತಾವೇ ಸವರಿಕೊಳ್ಳಲಿ ಎಂದು ಆದೇಶವಾಯಿತು. ಹಲ್ಲಿನ ಬದಲು ಬೆರಳಿನಿಂದ ಹರಿಯುವಂತೆ ಕವಾಯತನ್ನೂ ಬದಲಿಸಲಾಯಿತು. ತಾಂತ್ರಿಕವಾಗಿ ಪ್ರಶ್ನೆ ಅಲ್ಲಿಗೆ ಮುಗಿದಿತ್ತು. ಮೇಣ ಮತ್ತು ಎಣ್ಣೆಯ ಈ ಪರಿಹಾರ 1853ರಲ್ಲೇ ಕೈಗೆ ಎಟಕುವಂತಿತ್ತು, ಖರ್ಚೂ ಅತ್ಯಲ್ಪ.

ಆದರೆ ನಂಬಿಕೆ ಹೋದ ಮೇಲೆ ಮೇಣವೂ ಕೊಬ್ಬಿನಂತೆ ಕಾಣುತ್ತದೆ. ಈಗ ಸಿಪಾಯಿಗಳಿಗೆ ಕಾಗದದ ಹೊಳಪಿನ ಮೇಲೇ ಅನುಮಾನ ಬಂತು. ರಸಾಯನ ಪರೀಕ್ಷಕರು ಕಾಗದದಲ್ಲಿ ಕೊಬ್ಬಿಲ್ಲವೆಂದು ವರದಿ ಕೊಟ್ಟರೂ ಪ್ರಯೋಜನವಾಗಲಿಲ್ಲ. ಫೆಬ್ರವರಿ 26ರಂದು ಬೆಹ್ರಾಂಪುರದ 19ನೇ ಪದಾತಿ ದಳ ತಿರುಗಿಬಿತ್ತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದ. ಏಪ್ರಿಲ್ 24ರಂದು ಮೀರತ್‌ನಲ್ಲಿ ಅಶ್ವದಳದ 90 ಮಂದಿಯ ಮುಂದೆ ತೋಟಾ ಇಟ್ಟಾಗ 85 ಮಂದಿ ಮುಟ್ಟಲೊಪ್ಪಲಿಲ್ಲ. ಅಂದು ಇಟ್ಟದ್ದು ಹಳೆಯ ಮಾದರಿಯ, ಜಿಡ್ಡೇ ಇಲ್ಲದ ತೋಟಾ. ಆ 85ರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಮೇ 9ರಂದು ಎಲ್ಲರ ಎದುರು ಅವರ ಸಮವಸ್ತ್ರ ಕಳಚಿಸಿ ಕಾಲಿಗೆ ಬೇಡಿ ಹಾಕಲಾಯಿತು. ಮರುದಿನ ಏನಾಯಿತೆಂಬುದು ಗೊತ್ತಿರುವ ಸಂಗತಿಯೇ.

ಬಂಡಾಯ ಎದ್ದವರು ಅದೇ ತೋಟಾಗಳನ್ನು ಇಂಗ್ಲಿಷರ ಮೇಲೆ ಬಳಸಿದರಲ್ಲ, ಹಾಗಾದರೆ ಧರ್ಮದ ಮಾತು ನೆಪವಲ್ಲವೇ ಎಂದು ಕೆಲವು ಬ್ರಿಟಿಷ್ ಲೇಖಕರು ಕುಟುಕಿದ್ದುಂಟು. ಈ ವಾದ ಒಪ್ಪುವಂಥದ್ದಲ್ಲ. ಹಿಂದಿನ ವರ್ಷವಷ್ಟೇ ಅವಧ್ ರಾಜ್ಯವನ್ನು ಕಂಪನಿ ನುಂಗಿತ್ತು. ಬಂಗಾಳ ಸೇನೆಯ ಅನೇಕ ಸಿಪಾಯಿಗಳ ತವರು ಅದೇ. ಸಮುದ್ರ ದಾಟುವ ಸೇವೆಗೂ ಸಿದ್ಧನಿರಬೇಕೆಂಬ ಕಾನೂನು ಅದೇ 1856ರಲ್ಲಿ ಬಂದಿತ್ತು. ಇಷ್ಟೆಲ್ಲವನ್ನೂ ಕೇಳದೆ ಮಾಡಿದವರು ಬಾಯಿಗೆ ಏನು ಕೊಡುತ್ತಿದ್ದಾರೆಂದು ಶಂಕಿಸುವುದು ಮೌಢ್ಯವೇನೂ ಅಲ್ಲ.

ದಕ್ಷಿಣಕ್ಕೆ ಈ ಪಾಠ ಅರ್ಧ ಶತಮಾನ ಮೊದಲೇ ಆಗಿತ್ತು. 1806ರಲ್ಲಿ ಮದ್ರಾಸ್ ಸೇನೆ ಹೊಸ ಬಗೆಯ ಪೇಟ ತಂದಿತು. ಅದರಲ್ಲಿ ತೊಗಲಿನ ಪಟ್ಟಿಯಿತ್ತು. ಹಣೆಯ ನಾಮ, ಗಡ್ಡಗಳ ಮೇಲೂ ನಿರ್ಬಂಧ ಬಂತು. ಟಿಪ್ಪು ಸುಲ್ತಾನನ ಮಕ್ಕಳನ್ನು ಸೆರೆಯಲ್ಲಿಟ್ಟಿದ್ದ ವೆಲ್ಲೂರಿನ ಕೋಟೆಯಲ್ಲಿ ಜುಲೈ 10ರಂದು ಸಿಪಾಯಿಗಳು ಎದ್ದರು. ಗವರ್ನರ್ ವಿಲಿಯಂ ಬೆಂಟಿಂಕ್‌ನನ್ನು ಲಂಡನ್ ಹಿಂದಕ್ಕೆ ಕರೆಸಿಕೊಂಡಿತು. ತೊಗಲು ಹಣೆಗೆ ತಾಗಿದ್ದಕ್ಕೆ ಆದದ್ದು ಇದು. ಕೊಬ್ಬು ತುಟಿಗೆ ತಾಗಿದರೆ ಏನಾದೀತೆಂದು ಊಹಿಸಲು ಹಳೆಯ ಕಡತ ತೆರೆದರೆ ಸಾಕಿತ್ತು.

ಬಂಡಾಯ ಅಡಗಿದ ಮೇಲೆ ಹತ್ತು ವರ್ಷದೊಳಗೆ ಹಿತ್ತಾಳೆಯ ತೋಟಾ ಬಂತು, ಹಲ್ಲಿನ ಕೆಲಸ ತಪ್ಪಿತು. ಜಿಡ್ಡು ಮಾತ್ರ ತಪ್ಪಲಿಲ್ಲ. ಸ್ನೈಡರ್, ಮಾರ್ಟಿನಿ-ಹೆನ್ರಿ ಬಂದೂಕುಗಳ ತೋಟಾದೊಳಗೆ ಜೇನುಮೇಣವನ್ನೇ ಇಟ್ಟರು. ಇಂದಿಗೂ ಅಮೆರಿಕದಂಥ ದೇಶಗಳಲ್ಲಿ ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬುವ ಹವ್ಯಾಸಿಗಳು, ಉಬ್ಬಿದ ಹಿತ್ತಾಳೆಯನ್ನು ಅಚ್ಚಿಗೆ ಒತ್ತುವ ಮೊದಲು ತೆಳುವಾಗಿ ಜಿಡ್ಡು ಸವರುತ್ತಾರೆ. ಕಡಿಮೆಯಾದರೆ ತೋಟಾ ಅಚ್ಚಿನಲ್ಲಿ ಸಿಕ್ಕಿಬೀಳುತ್ತದೆ, ಹೆಚ್ಚಾದರೆ ಹಿತ್ತಾಳೆ ನೆಗ್ಗುತ್ತದೆ. ಬಳಿಕ ಒರೆಸಲೇಬೇಕು. ಅವರು ಮೆಚ್ಚುವ ಜಿಡ್ಡುಗಳಲ್ಲಿ ಒಂದು ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯಿಂದ ತೆಗೆದ ಮೇಣ. ಪ್ರಾಣಿಯನ್ನು ಕೊಲ್ಲದೆ ಸಿಗುವ ಈ ಜಿಡ್ಡಿಗೆ ಅಂದಿನ ಸಿಪಾಯಿ ಏನೆನ್ನುತ್ತಿದ್ದನೋ! ನಮ್ಮಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ.

ಆ ಕಾಯ್ದೆಯ ಬೇರು ಕೂಡ 1857ರಲ್ಲಿದೆ. ಬಂಡಾಯದಿಂದ ಬೆದರಿದ ಸರ್ಕಾರ ಆಯುಧಗಳನ್ನು ನೋಂದಾಯಿಸಿ ಒಪ್ಪಿಸಬೇಕೆಂದು ಹೊರಡಿಸಿದ ಕಾನೂನು ಮುಧೋಳ ಸೀಮೆಯ ಹಲಗಲಿಗೆ ಬಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಪಡೆ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಕಥೆ ಸರ್ಕಾರಿ ಕಡತಕ್ಕಿಂತ ಲಾವಣಿಯಲ್ಲೇ ಚೆನ್ನಾಗಿ ಉಳಿದಿದೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಇಂಗ್ಲಿಷರವನೇ ಆದ ಫ್ಲೀಟ್.

ಇದಕ್ಕೆ ತದ್ವಿರುದ್ಧವಾದ ಆದೇಶವೊಂದು 1861ರಲ್ಲಿ ಹೊರಟಿತು. ಡಾಬ್ಸ್‌ನ ಮೇಲಧಿಕಾರಿಯಾಗಿದ್ದ ಅದೇ ಮಾರ್ಕ್ ಕಬ್ಬನ್, ಕೊಡವರು ನಿಷ್ಠೆ ತೋರಿದರೆಂಬ ಕಾರಣಕ್ಕೆ ಅವರನ್ನು ನಿಶ್ಶಸ್ತ್ರೀಕರಣ ಕಾನೂನಿನಿಂದ ಹೊರಗಿಟ್ಟ. ಕೋವಿ ಪರವಾನಗಿಯ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು.