ಏಡಿ ಮರಿ ತಾಯಿಯನ್ನು ತಿಂದಿತ್ತೇ?

ನಮ್ಮ ಹೊನವಾಡದ ಕಡೆ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಹೊಲಕ್ಕೆ ಹೋದರೆ ಒಡ್ಡಿನ ಮಗ್ಗುಲಲ್ಲಿ ಹಸಿ ಮಣ್ಣಿನ ಸಣ್ಣ ಸಣ್ಣ ಗುಡ್ಡೆ ಕಾಣುತ್ತಿದ್ದವು. ಏಡಿಯ ಬಿಲದ ಬಾಯಿ ಅವು. ಹುಡುಗರಾದ ನಮಗೆ ಅದೇ ಆಟ. ಬಿಲದೊಳಗೆ ಜೋಳದ ದಂಟು ತೂರಿಸುವುದು, ಏಡಿ ಸಿಟ್ಟಿನಿಂದ ಅದನ್ನು ಹಿಡಿದ ಕೂಡಲೇ ಮೆಲ್ಲಗೆ ಎಳೆಯುವುದು. ಒಮ್ಮೆ ಹಾಗೆ ಎಳೆದ ಏಡಿಯನ್ನು ಅಂಗಾತ ಹಾಕಿದರೆ ಹೊಟ್ಟೆಯ ಕೆಳಗೆ ಮರಿಗಳು ಕಿಕ್ಕಿರಿದು ತುಂಬಿದ್ದವು. ಕಿರುಬೆರಳಿನ ಉಗುರಿಗಿಂತ ಸಣ್ಣವು, ಆದರೆ ಎಲ್ಲವಕ್ಕೂ ಕಾಲು ಇದ್ದವು!

ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಓಡಿದೆ. ಆಯಿ ನೋಡಿ ಮುಖ ಸಿಂಡರಿಸಿದಳು.

"ಮೊದಲ ಅದನ್ನ ಹೊರಗ ಬಿಟ್ಟ ಬಾರೋ ತಮ್ಮಾ. ಹಡದಾಕಿನ್ನ ತಿಂದು ಹೊರಗ ಬರೋ ಜಾತಿ ಅದು."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಓಣಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳು ಹುಟ್ಟುವಾಗಲೇ ಅವಳವ್ವ ತೀರಿಕೊಂಡಿದ್ದಳು. ಆಟದಲ್ಲಿ ಜಗಳ ಬಂದರೆ ನಾವೆಲ್ಲ ಅವಳಿಗೆ ಅನ್ನುತ್ತಿದ್ದ ಬೈಗುಳ "ಏಡಿ ಮರಿ". ನಾನೂ ಅಂದಿದ್ದೇನೆ. ಒಂದಲ್ಲ, ಹತ್ತು ಸಲ.

ಎಷ್ಟೋ ವರ್ಷಗಳ ನಂತರ ಈ ಮಾತಿನ ಬೇರು ಹುಡುಕುತ್ತ ಹೋದಾಗ ಗೊತ್ತಾಯಿತು, ಇದು ಬರೀ ನಮ್ಮ ಆಯಿಯ ಮಾತಲ್ಲ. ಎರಡು ಸಾವಿರ ವರ್ಷದ ಹಳೆಯ ಆರೋಪ!

ಕೌಟಿಲ್ಯನ ಅರ್ಥಶಾಸ್ತ್ರ ನಿಮಗೆ ಗೊತ್ತೇ ಇದೆ. ಎಲ್ಲೋ ಕಳೆದೇ ಹೋಯಿತು ಎಂದುಕೊಂಡಿದ್ದ ಆ ಗ್ರಂಥದ ತಾಳೆಗರಿ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅಚ್ಚಾಯಿತು. ಅದರಲ್ಲಿ ರಾಜನು ತನ್ನ ಮಕ್ಕಳಿಂದಲೇ ತನ್ನನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ಅಧ್ಯಾಯವಿದೆ. ಅಲ್ಲಿ ಭಾರದ್ವಾಜ ಎಂಬ ಆಚಾರ್ಯನ ಅಭಿಪ್ರಾಯ ಬರುತ್ತದೆ: ರಾಜಪುತ್ರರು ಏಡಿಗಳ ಹಾಗೆ, ಹುಟ್ಟಿಸಿದವರನ್ನೇ ತಿನ್ನುವವರು, ಪ್ರೀತಿ ಹುಟ್ಟದಿದ್ದರೆ ಗುಟ್ಟಾಗಿ ಮುಗಿಸಿಬಿಡುವುದೇ ಒಳ್ಳೆಯದು ಎಂದು. ವಿಶಾಲಾಕ್ಷ ಎಂಬ ಇನ್ನೊಬ್ಬ ಆಚಾರ್ಯ ಅದಕ್ಕೆ ಕೂಡಲೇ ಆಕ್ಷೇಪಿಸುತ್ತಾನೆ. ತಪ್ಪು ಮಾಡದವರನ್ನು ಕೊಲ್ಲುವುದು ಕ್ರೌರ್ಯ ಎನ್ನುತ್ತಾನೆ. ಆದರೆ ನೋಡಿ, ರಾಜಪುತ್ರರ ಪರವಾಗಿ ಮಾತಾಡುವವರು ಸಿಕ್ಕರು, ಏಡಿಯ ಪರವಾಗಿ ಯಾರೂ ಸಿಗಲಿಲ್ಲ.

ಮಹಾಭಾರತದಲ್ಲೂ ಇದೇ ನಂಬಿಕೆ ಇದೆ. ವನಪರ್ವದಲ್ಲಿ ತನ್ನನ್ನು ಎಳೆದೊಯ್ಯಲು ಬಂದ ಜಯದ್ರಥನಿಗೆ ದ್ರೌಪದಿ ಹೇಳುವ ಮಾತಿನ ಅರ್ಥ ಹೀಗೆ: ನನ್ನನ್ನು ಮುಟ್ಟುವುದೆಂದರೆ ಹೆಣ್ಣೇಡಿ ಗರ್ಭ ಧರಿಸಿದಂತೆ, ನಿನ್ನ ಸಾವನ್ನು ನೀನೇ ತಂದುಕೊಂಡಂತೆ.

ಜನ ಹೀಗೇಕೆ ನಂಬಿದರು? ಏಡಿಯ ದೇಹವನ್ನು ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಏಡಿಗೆ ಹತ್ತು ಕಾಲು. ಅದರಲ್ಲಿ ಮುಂದಿನ ಎರಡು ಇಕ್ಕಳ. ನಾವು ಬೆನ್ನು ಎಂದುಕೊಂಡಿರುವ ಚಿಪ್ಪಿನೊಳಗೆ ತಲೆ, ಎದೆ ಎರಡೂ ಸೇರಿಕೊಂಡಿವೆ, ಪಕ್ಕದಲ್ಲಿ ಕಿವಿರುಗಳೂ ಇವೆ. ಹಾಗಾದರೆ ಹೊಟ್ಟೆ ಎಲ್ಲಿ? ಸಿಗಡಿಗೆ ಬಾಲದ ಹಾಗೆ ಹಿಂದೆ ಚಾಚಿಕೊಂಡಿರುವ ಭಾಗವೇ ಏಡಿಯಲ್ಲಿ ಮಡಚಿ ಎದೆಯ ಕೆಳಗೆ ಅಂಟಿಕೊಂಡಿದೆ. ಗಂಡಿನಲ್ಲಿ ಈ ಮಡಿಕೆ ಕಿರಿದು. ಬಲಿತ ಹೆಣ್ಣಿನಲ್ಲಿ ಅಗಲ, ಮುಚ್ಚಳದ ಹಾಗೆ. ಮುಚ್ಚಳ ಎತ್ತಿದರೆ ಒಳಗೆ ಕೂದಲಿರುವ ನಾಲ್ಕು ಜೊತೆ ಸಣ್ಣ ಉಪಾಂಗಗಳು. ಏಡಿ ಮೊಟ್ಟೆಯಿಟ್ಟು ಬಿಟ್ಟುಹೋಗುವುದಿಲ್ಲ, ಆ ಕೂದಲಿಗೆ ಅಂಟಿಸಿಕೊಂಡು ತಿರುಗುತ್ತದೆ. ಮೊಟ್ಟೆ ಒಡೆದು ಮರಿಯಾದ ಮೇಲೂ ಕೆಲವು ದಿನ ಅವು ಅಲ್ಲೇ ಇರುತ್ತವೆ. ಅಂದರೆ ಮರಿಗಳು ಇರುವುದು ತಾಯಿಯ ಹೊಟ್ಟೆಯ ಒಳಗಲ್ಲ, ಹೊರಗೆ, ಉಡಿಯಲ್ಲಿ! ನಮ್ಮ ಹೆಣ್ಣುಮಕ್ಕಳು ಸೆರಗಿನ ಉಡಿಯಲ್ಲಿ ಕಾಳು ಕಟ್ಟಿಕೊಂಡ ಹಾಗೆ.

ಇನ್ನೊಂದು ಸಂಗತಿ ಇದೆ. ಏಡಿಯ ಚಿಪ್ಪು ಬೆಳೆಯುವುದಿಲ್ಲ. ಹಾವಿನ ಹಾಗೆ ಏಡಿಯೂ ಪೊರೆ ಕಳಚುತ್ತದೆ. ಕಾಲು, ಇಕ್ಕಳ, ಕಣ್ಣಿನ ಮೇಲಿನ ಹೊದಿಕೆ ಸಮೇತ ಇಡೀ ಖಾಲಿ ಏಡಿಯೇ ಬಿದ್ದಿರುತ್ತದೆ. ಇತ್ತ ಉಡಿಯಿಂದ ಬಿಲಬಿಲನೆ ಹೊರಡುವ ಮರಿಗಳು, ಅತ್ತ ಒಳಗೆ ಏನೂ ಇಲ್ಲದ ಚಿಪ್ಪು. ಎರಡನ್ನೂ ಕೂಡಿಸಿದ ಯಾರೋ "ಮರಿಗಳು ತಾಯಿಯನ್ನು ತಿಂದವು" ಅಂದಿರಬೇಕು ಎಂದು ನನಗನಿಸುತ್ತದೆ. ಕಂಡದ್ದು ಸುಳ್ಳಲ್ಲ, ಕೂಡಿಸಿದ ಲೆಕ್ಕ ತಪ್ಪು.

ಏಡಿಯ ಮರಿಗಳ ವಿಷಯದಲ್ಲಿ ಲೆಕ್ಕ ತಪ್ಪಿದವರು ನಾವಷ್ಟೇ ಅಲ್ಲ. ಯುರೋಪಿನಲ್ಲಿ ಇದೇ ದೊಡ್ಡ ಜಗಳವಾಗಿತ್ತು. ಅಲ್ಲಿನ ಪಂಡಿತರು ಸಮುದ್ರದಲ್ಲಿ ಸಿಗುತ್ತಿದ್ದ, ಮುಳ್ಳು ಮುಳ್ಳಾದ, ದೊಡ್ಡ ಕಣ್ಣಿನ ಒಂದು ಸೂಕ್ಷ್ಮ ಜೀವಿಗೆ "ಜೋಯಿಯಾ" ಎಂದು ಹೆಸರಿಟ್ಟು ಬೇರೆಯದೇ ಪ್ರಾಣಿ ಎಂದುಕೊಂಡಿದ್ದರು. ಐರ್ಲೆಂಡಿನ ಕಾರ್ಕ್ ಎಂಬಲ್ಲಿದ್ದ ಸೈನ್ಯದ ವೈದ್ಯ ಜಾನ್ ವಾನ್ ಥಾಂಪ್ಸನ್, 1828ರಲ್ಲಿ, ಅಲ್ಲಪ್ಪಾ, ಅದು ಏಡಿಯ ಮರಿ, ಚಿಟ್ಟೆಗೆ ಕಂಬಳಿಹುಳ ಇದ್ದ ಹಾಗೆ ಎಂದು ಬರೆದ. ಯಾರೂ ಸುಲಭಕ್ಕೆ ಒಪ್ಪಲಿಲ್ಲ. 1835ರಲ್ಲಿ ಜಾನ್ ವೆಸ್ಟ್‌ವುಡ್ ಎಂಬ ಕೀಟಶಾಸ್ತ್ರಜ್ಞ ವೆಸ್ಟ್ ಇಂಡೀಸಿನ ನೆಲದ ಏಡಿಯೊಂದರ ಮೊಟ್ಟೆ, ಮರಿಗಳನ್ನು ಪರೀಕ್ಷಿಸಿ, ಇದರ ಮರಿ ನೇರ ಏಡಿಯಾಗಿಯೇ ಹುಟ್ಟುತ್ತದೆ, ಥಾಂಪ್ಸನ್ ಹೇಳುವ ರೂಪಾಂತರ ಇಲ್ಲ ಎಂದು ವಾದಿಸಿದ.

ಈ ವಾದದಲ್ಲಿ ನಮ್ಮ ಸೀಮೆ ಹೇಗೆ ಬಂತು ನೋಡಿ. ಮರುವರ್ಷ, 1836ರಲ್ಲಿ, ಅದೇ ವೆಸ್ಟ್‌ವುಡ್ ಇಟ್ಟ ಹೆಸರಿನೊಂದಿಗೆ ದಖನ್ನಿನ ಏಡಿಯ ಬಗ್ಗೆ ಒಂದು ಲೇಖನ ಅಚ್ಚಾಯಿತು. ಬರೆದವನು ಕರ್ನಲ್ ಸೈಕ್ಸ್. ಮುಂಬಯಿ ಸರಕಾರ 1824ರಲ್ಲಿ ದಖನ್ ಪ್ರಾಂತದ ಜನ, ಬೆಳೆ, ಭೂಮಿಯ ಲೆಕ್ಕ ಬರೆಯಲು ನೇಮಿಸಿದ್ದ ಅಧಿಕಾರಿ ಇವನು. ಲೆಕ್ಕದ ಜೊತೆಗೆ ಹಕ್ಕಿ, ಮೀನು, ಏಡಿಗಳನ್ನೂ ಬಿಡದೆ ದಾಖಲಿಸಿದ. ಏಡಿಗೆ ಬಿದ್ದ ಹೆಸರು ಕ್ಯೂನಿಕ್ಯುಲಾರಿಸ್, ಬಿಲ ತೋಡುವುದು ಎಂಬರ್ಥದಲ್ಲಿ. ಈಗ ಅದನ್ನು ಬ್ಯಾರಿಟೆಲ್ಫುಸಾ ಕ್ಯೂನಿಕ್ಯುಲಾರಿಸ್ ಎನ್ನುತ್ತಾರೆ. ದಖನ್ನಿನ ಹೊಳೆ, ಹಳ್ಳ, ಹೊಲದ ಒಡ್ಡುಗಳಲ್ಲಿ ಕಾಣುವ ದೊಡ್ಡ ಏಡಿಗಳಲ್ಲಿ ಅದೂ ಒಂದು.

ಕೊನೆಗೆ ಗೆದ್ದವರು ಯಾರು? ಇಬ್ಬರೂ ಕಂಡದ್ದು ನಿಜವೇ! ಕಾರವಾರದ ಸಮುದ್ರದ ಏಡಿಯ ಮರಿ ಜೋಯಿಯಾ ಆಗಿ ತೇಲಾಡಿ, ಹಲವು ಸಲ ಪೊರೆ ಕಳಚಿ, ಆಮೇಲೆ ಏಡಿಯ ಆಕಾರಕ್ಕೆ ಬರುತ್ತದೆ. ಸಿಹಿನೀರಿನ ಏಡಿಗೆ ಆ ಹಾದಿ ಇಲ್ಲ. ತೇಲುವ ಮರಿಗೆ ಉಪ್ಪುನೀರು ಬೇಕು, ಮಳೆಗಾಲದ ಹಳ್ಳದಲ್ಲಿ ಬಿಟ್ಟರೆ ಕೊಚ್ಚಿಕೊಂಡೇ ಹೋದೀತು. ಬಿಜಾಪುರದಿಂದ ಸಮುದ್ರಕ್ಕೆ ಹೋಗಿಬರುವುದಂತೂ ಆಗದ ಮಾತು :) ಹಾಗಾಗಿ ಸಮುದ್ರದ ಕೆಸರೇಡಿ ಹತ್ತು ಲಕ್ಷಕ್ಕೂ ಹೆಚ್ಚು ಸಾಸಿವೆಗಿಂತ ಸಣ್ಣ ಮೊಟ್ಟೆ ಇಟ್ಟು ದೈವಕ್ಕೆ ಬಿಟ್ಟರೆ, ನಮ್ಮ ಏಡಿ ಕೆಲವೇ ನೂರು ದೊಡ್ಡ ಮೊಟ್ಟೆ ಇಡುತ್ತದೆ. ಒಂದೊಂದರಲ್ಲೂ ಮರಿಗೆ ಬೇಕಾದಷ್ಟು ಬುತ್ತಿ ಕಟ್ಟಿರುತ್ತದೆ. ತೇಲುವ ಹಂತವೆಲ್ಲ ಮೊಟ್ಟೆಯೊಳಗೇ ಮುಗಿದು, ಹೊರಗೆ ಬರುವಾಗಲೇ ಪೂರ್ತಿ ಏಡಿ. ನಾನು ಡಬ್ಬಿಯಲ್ಲಿ ತಂದದ್ದು ಅದನ್ನೇ. ಆ ಮರಿಗಳು ತಾಯಿಯನ್ನು ತಿನ್ನುವುದಿಲ್ಲ. ಅವುಗಳಿಂದಾಗಿ ಅವಳು ಸಾಯುವುದೂ ಇಲ್ಲ. ಕಾಲು ಗಟ್ಟಿಯಾದ ಮೇಲೆ ಇಳಿದು ತಮ್ಮ ದಾರಿ ಹಿಡಿಯುತ್ತವೆ.

ತಮಾಷೆಯೆಂದರೆ, ಸುಮ್ಮನಿದ್ದ ಏಡಿಗೆ ಕೊಲೆಯ ಆರೋಪ ಬಂತು, ಅದರ ಕುಲದ ಅಸಲಿ ಉಪದ್ರವಿಯ ಹೆಸರನ್ನು ಯಾರೂ ಎತ್ತಲಿಲ್ಲ. ಏಡಿ, ಸಿಗಡಿ, ಹೂಕುಂಡದ ಕೆಳಗೆ ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಹುಳ, ಹಡಗಿನ ತಳಕ್ಕೆ ಅಂಟುವ ಬಾರ್ನಕಲ್, ಇವೆಲ್ಲ ಕಠಿಣಚರ್ಮಿಗಳ ಒಂದೇ ಕುಲ. ಬಾವಿ ನೀರಿನಲ್ಲಿ ಚುಕ್ಕೆಯಷ್ಟು ಕಾಣುವ ಸೈಕ್ಲಾಪ್ಸ್ ಕೂಡ ಅದೇ ಕುಲ. ನಾರುಹುಣ್ಣಿನ ಹುಳದ ಮರಿಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಸೋಸದ ನೀರಿನ ಮೂಲಕ ಮನುಷ್ಯನಿಗೆ ದಾಟಿಸುತ್ತಿದ್ದದ್ದು ಅದೇ. ರಷ್ಯಾದ ಫೆದ್‌ಚೆಂಕೋ ಇದನ್ನು 1870ರ ಸುಮಾರಿಗೆ ಕಂಡುಹಿಡಿದ. ಮೆಟ್ಟಿಲುಬಾವಿಗೆ ಇಳಿದು ನೀರು ತರುತ್ತಿದ್ದ ರಾಜ್ಯಗಳಲ್ಲಿ ಈ ರೋಗ ಹೆಚ್ಚು, ಕರ್ನಾಟಕವೂ ಅದರಲ್ಲಿತ್ತು. ಬಟ್ಟೆಯಲ್ಲಿ ನೀರು ಸೋಸುವುದು, ಮೆಟ್ಟಿಲುಬಾವಿಗಳನ್ನು ಮುಚ್ಚುವುದು, ಬೋರ್‌ವೆಲ್ ಕೊರೆಯುವುದು, ಇಂಥ ಕ್ರಮಗಳಿಂದ ಅದು ಹೋಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಏಡಿಗಳನ್ನು ನಾವು ಪೂರ್ತಿ ನೋಡಿ ಮುಗಿಸಿಯೂ ಇಲ್ಲ. ಭಾರತದಲ್ಲಿ ಸಿಹಿನೀರಿನ ಏಡಿಗಳೇ ನೂರಿಪ್ಪತ್ತು ಬಗೆಗಿಂತ ಹೆಚ್ಚು. 2022ರಲ್ಲಿ ಯಲ್ಲಾಪುರದ ಬಾರೆ ಕಾಡಿನಲ್ಲಿ ಬಿಳಿ-ನೇರಳೆ ಬಣ್ಣದ ಹೊಸ ಏಡಿ ಸಿಕ್ಕಿತು, ಹೆಸರು ಘಾಟಿಯಾನಾ ದ್ವಿವರ್ಣ. ಸಿಹಿನೀರಿನ ಏಡಿಗಳಿಗೆ ಒಂದು ತೊಂದರೆ ಇದೆ. ಮರಿ ತೇಲಿ ದೂರ ಹೋಗುವುದಿಲ್ಲವಲ್ಲ, ಹಾಗಾಗಿ ಒಂದು ಹಳ್ಳಕ್ಕೆ ವಿಷ ಬಿದ್ದು ಏಡಿ ಸತ್ತರೆ ಬೇರೆ ಕಡೆಯಿಂದ ಅಲ್ಲಿಗೆ ಮತ್ತೆ ಬಂದು ಸೇರುವುದು ಬಲು ನಿಧಾನ. ಒಡ್ಡಿಗೆ ಎಣ್ಣೆ ಹೊಡೆಯುವ ಮುನ್ನ ಇದೊಂದು ನೆನಪಿರಲಿ.

ಕಳೆದ ಸಲ ಊರಿಗೆ ಹೋದಾಗ ಆ ಹುಡುಗಿ, ಅಲ್ಲಲ್ಲ, ಈಗ ಎರಡು ಮಕ್ಕಳ ತಾಯಿ, ಜಾತ್ರೆಯಲ್ಲಿ ಸಿಕ್ಕಳು. ಧೈರ್ಯ ಮಾಡಿ ಹಳೆಯ ಬೈಗುಳದ ಮಾತು ತೆಗೆದೆ, ತಪ್ಪಾಯಿತು ಅಂದೆ. ಏಡಿಯ ಕತೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಅಂದ್ರ ಮರಿ ತಾಯಿನ್ನ ತಿಂದಿಲ್ಲ. ತಾಯಿನ ಅವನ್ನ ಹೊತ್ಕೊಂಡ ತಿರಗ್ಯಾಳ."

"ಹೌದು."

"ಇಷ್ಟ ತಿಳ್ಕೊಳ್ಳಾಕ ನಿನಗ ಇಷ್ಟ ವರ್ಷ ಬೇಕಾತೇನಪಾ?" ಅಂದು ನಕ್ಕು, ಮಗಳ ಕೈ ಹಿಡಿದು ಬಳೆ ಅಂಗಡಿಯ ಕಡೆ ನಡೆದಳು.

ನಿಮ್ಮೂರಲ್ಲೂ ಏಡಿಯ ಬಗ್ಗೆ ಹೀಗೇ ಹೇಳುತ್ತಾರಾ? ಹೇಳಿದರೆ ಇನ್ನು ಮೇಲೆ ತಿದ್ದಿ.