ಮರಗೆಲಸದ ಧೂಳು ಹೀರುವ ಕೊಳವೆ ಜಾಲ

ಮರಗೆಲಸದ ಕಾರ್ಖಾನೆಯಲ್ಲಿ ಗರಗಸ, ಪ್ಲೇನರ್, ಲೇತ್, ಸ್ಯಾಂಡರ್ ಮುಂತಾದ ಹಲವು ಯಂತ್ರಗಳು ಎಬ್ಬಿಸುವ ಹೊಟ್ಟು ಮತ್ತು ಧೂಳನ್ನು ಒಂದೇ ಬ್ಲೋವರ್‌ನ ಸೆಳೆತದಿಂದ ಸಾಗಿಸುವ ವ್ಯವಸ್ಥೆ. ಯಂತ್ರದ ಬಾಯಿಗೆ ಕೂರಿಸಿದ ಹುಡ್, ಅಲ್ಲಿಂದ ಹೊರಡುವ ಕವಲು ಕೊಳವೆ, ಕವಲುಗಳು ಬಂದು ಸೇರುವ ಮುಖ್ಯ ಕೊಳವೆ, ಬ್ಲೋವರ್, ಧೂಳನ್ನು ಬೇರ್ಪಡಿಸುವ ಸೈಕ್ಲೋನ್ ಅಥವಾ ಬಟ್ಟೆಚೀಲದ ಫಿಲ್ಟರ್ ಇದರ ಅಂಗಗಳು. ನೆಲ ಚೊಕ್ಕಟವಾಗಿಡಲು ಹುಟ್ಟಿದ ಈ ಏರ್ಪಾಡನ್ನು ಕೆಲಸಗಾರನ ಉಸಿರಿನ ಲೆಕ್ಕದಲ್ಲಿ ಅಳೆಯಲು ಸುಮಾರು ನೂರು ವರ್ಷ ಹಿಡಿಯಿತು.

ಆರಂಭ

ಬಡಗಿಯ ಕೈಗರಗಸದ ಹೊಟ್ಟು ಅವನ ಕಾಲಬುಡದಲ್ಲೇ ಬೀಳುತ್ತಿತ್ತು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂಥಮ್ 1790ರ ದಶಕದಲ್ಲಿ ಮರಗೆಲಸದ ಯಂತ್ರಗಳಿಗೆ ಪೇಟೆಂಟ್ ಪಡೆದ. ಮುಂದೆ ಉಗಿಶಕ್ತಿಯಿಂದ ತಿರುಗುವ ಅಲಗುಗಳು ಬಂದಾಗ ಧೂಳು ಗಾಳಿಗೇರಿತು. ಪರಿಹಾರದ ಮೊದಲ ಹೆಜ್ಜೆ ಮಾತ್ರ ಚಪ್ಪಲಿ ಅಂಗಡಿಯಿಂದ ಬಂತು. ಅಮೆರಿಕದ ಬೆಂಜಮಿನ್ ಫ್ರ್ಯಾಂಕ್ಲಿನ್ ಸ್ಟರ್ಟೆವಂಟ್ ಮೂಲತಃ ಪಾದರಕ್ಷೆ ತಯಾರಕ. ತೊಗಲು ಉಜ್ಜುವಾಗ ಏಳುವ ಧೂಳನ್ನು ಎಳೆದೊಯ್ಯುವ ಫ್ಯಾನನ್ನು 1860ರ ದಶಕದಲ್ಲಿ ರೂಪಿಸಿದ. ಅವನ ಕಂಪನಿ ಮರ ಹೆರೆಯುವ ಗಿರಣಿಗಳಿಗೂ ಅಂಥ ಫ್ಯಾನುಗಳನ್ನು ಮಾರಿತು.

ಧೂಳುತುಂಬಿದ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಕಣಗಳನ್ನು ಕೆಳಗೆ ಕೆಡವುವ ಸೈಕ್ಲೋನ್‌ಗೆ 1885ರಲ್ಲಿ ಅಮೆರಿಕದ ಜಾನ್ ಎಂ. ಫಿಂಚ್ ಪೇಟೆಂಟ್ ಪಡೆದ. ಹಿಟ್ಟಿನ ಗಿರಣಿಗಳಲ್ಲಿ ಬಳಕೆಗೆ ಬಂದ ಅದು ಬೇಗನೆ ಮರದ ಕಾರ್ಖಾನೆಗಳ ಛಾವಣಿ ಏರಿತು. ಕೂಡಿಬಿದ್ದ ಹೊಟ್ಟು ಬಾಯ್ಲರಿಗೆ ಉರುವಲಾದದ್ದರಿಂದ ಮಾಲೀಕರಿಗೂ ಈ ಖರ್ಚು ಹೊರೆ ಎನಿಸಲಿಲ್ಲ.

ಲೆಕ್ಕಾಚಾರ

1930ರ ದಶಕದಲ್ಲಿ ಜೆ. ಎಂ. ಡಲ್ಲಾವಲ್ಲೆ ಹುಡ್‌ಗಳ ಮುಂದಿನ ಗಾಳಿಯ ವೇಗವನ್ನು ಅಳೆದು ಸೂತ್ರ ಕೊಟ್ಟ. ಕೊಳವೆಯ ಬಾಯಿಂದ ಒಂದು ವ್ಯಾಸದಷ್ಟು ದೂರ ಸರಿದರೆ ಸೆಳೆತ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಹುಡ್ ಅಲಗಿಗೆ ಆದಷ್ಟು ಹತ್ತಿರವಿರಬೇಕೆಂಬ ನಿಯಮಕ್ಕೆ ಇದೇ ಆಧಾರ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್ 1951ರಲ್ಲಿ ಪ್ರಕಟಿಸಿದ ಕೈಪಿಡಿ ಇಂಥ ಲೆಕ್ಕಗಳನ್ನು ಒಂದೆಡೆ ತಂದಿತು.

ಮರದ ಹೊಟ್ಟು ಕೊಳವೆಯಲ್ಲಿ ಕೂರದೆ ಸಾಗಲು ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ 100 ಮಿ.ಮೀ. ಕೊಳವೆ ಗಂಟೆಗೆ ಸುಮಾರು 565 ಘನ ಮೀಟರ್ ಗಾಳಿ ಒಯ್ಯುತ್ತದೆ. ಅಂಥ ಎರಡು ಕವಲುಗಳು ಒಟ್ಟಿಗೆ ಓಡಿದರೆ ಮುಖ್ಯ ಕೊಳವೆಗೆ ಸುಮಾರು 140 ಮಿ.ಮೀ. ಸಾಕು. ಎರಡು ನೂರು ಸೇರಿ ಇನ್ನೂರು ಎಂದು 200 ಮಿ.ಮೀ. ಹಾಕಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗಿ ವೇಗ 10 ಮೀಟರಿಗೆ ಇಳಿಯುತ್ತದೆ. ಹೊಟ್ಟು ಕೊಳವೆಯ ತಳದಲ್ಲೇ ಗುಡ್ಡೆಯಾಗುತ್ತದೆ. ಹೀಗಾಗಿ ಯಾವ ಯಂತ್ರಗಳು ಏಕಕಾಲಕ್ಕೆ ಓಡುತ್ತವೆ ಎಂಬುದೇ ವಿನ್ಯಾಸದ ಮೊದಲ ಪ್ರಶ್ನೆ. ನಿಂತಿರುವ ಯಂತ್ರದ ಕವಲನ್ನು ಗೇಟ್ ಹಾಕಿ ಮುಚ್ಚುತ್ತಾರೆ. ಕವಲು ಮುಖ್ಯ ಕೊಳವೆಗೆ ನೇರವಾಗಿ ಗುದ್ದದೆ 30ರಿಂದ 45 ಡಿಗ್ರಿ ಓರೆಯಲ್ಲಿ ಸೇರಬೇಕು, ತಿರುವುಗಳು ಅಗಲವಾಗಿರಬೇಕು.

ಆರೋಗ್ಯ, ಸ್ಫೋಟ ಮತ್ತು ಕಾನೂನು

ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಒಂದು ವಿರಳ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಶಸ್ತ್ರವೈದ್ಯೆ ಗಮನಿಸಿದರು. ಡೊನಾಲ್ಡ್ ಅಚೆಸನ್ ಮತ್ತಿತರರೊಂದಿಗಿನ ಅವರ ಅಧ್ಯಯನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಣ್ಣಿಗೆ ಕಾಣುವ ಹೊಟ್ಟಿಗಿಂತ ಕಾಣದ ನುಣುಪು ಧೂಳೇ ಹೆಚ್ಚು ಅಪಾಯಕಾರಿ ಎಂಬ ಅರಿವಿನಿಂದ ಸೈಕ್ಲೋನಿನ ಜೊತೆಗೆ ಸೂಕ್ಷ್ಮ ಫಿಲ್ಟರುಗಳೂ ಬಂದವು.

ಒಣ ಧೂಳು ಗಾಳಿಯಲ್ಲಿ ತೇಲಿದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ 2012ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಾಮಿಲ್‌ಗಳು ಹೀಗೆ ಸ್ಫೋಟಗೊಂಡು ಒಂದೊಂದರಲ್ಲೂ ಇಬ್ಬರು ಸತ್ತರು. ಲೋಹದ ಕೊಳವೆಗಳಿಗೆ ಅರ್ಥಿಂಗ್ ಕೊಡುವುದು ಸ್ಥಾಯಿ ವಿದ್ಯುತ್ತಿನ ಕಿಡಿ ಹುಟ್ಟದಿರಲೆಂದು.

ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಂ ಧೂಳನ್ನು ಅದು ಹುಟ್ಟುವ ಜಾಗಕ್ಕೆ ಆದಷ್ಟು ಸಮೀಪದಲ್ಲೇ ಹೀರಬೇಕೆಂದು ವಿಧಿಸಿತು. ಐರೋಪ್ಯ ಒಕ್ಕೂಟದಲ್ಲಿ ಗಟ್ಟಿಮರದ ಧೂಳಿನ ಮಿತಿ ಪ್ರತಿ ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ ಇದ್ದದ್ದು 3ಕ್ಕೆ ಇಳಿದು, 2023ರ ಜನವರಿಯಿಂದ 2 ಮಿಲಿಗ್ರಾಂ ಆಗಿದೆ.