ಐದು ಪಟ್ಟಣಗಳಲ್ಲಿ ಒಂದಾಗಿದ್ದ ಕೊಡ್ಲಿಪೇಟೆ

ಮಡಿಕೇರಿಯಿಂದ ಸೋಮವಾರಪೇಟೆ, ಶನಿವಾರಸಂತೆ ದಾಟಿ ಸುಮಾರು 70 ಕಿ.ಮೀ. ಬಂದರೆ ಕೊಡಗು ಮುಗಿಯುವ ಕಡೆ ಕೊಡ್ಲಿಪೇಟೆ ಸಿಗುತ್ತದೆ. ಇನ್ನೊಂದು ಸ್ವಲ್ಪ ದೂರ ಹೋದರೆ ಹಾಸನ ಜಿಲ್ಲೆ. ಹಳಬರ ಬಾಯಲ್ಲಿ ಇದು ಏಳುಸಾವಿರ ಸೀಮೆ. ಕಿರಿಕೊಡ್ಲಿ ಮಠ, ಕಲ್ಲುಮಠ, ಭತ್ತದ ಗದ್ದೆ, ಕಾಫಿ ತೋಟ, ಉತ್ತರಕ್ಕೆ ಹೇಮಾವತಿ ಹೊಳೆ ಇವಿಷ್ಟನ್ನು ಹೇಳಿದರೆ ಊರಿನ ಗುರುತು ಸಿಗುತ್ತದೆ. ಆಡುವುದು ಮಲೆನಾಡಿನ ಕನ್ನಡ, ಉಣ್ಣುವುದು ಅಕ್ಕಿ ರೊಟ್ಟಿ, ಕಡುಬು.

1908ರಲ್ಲಿ ಅಚ್ಚಾದ ಇಂಪೀರಿಯಲ್ ಗೆಜೆಟಿಯರ್ ಕೊಡಗಿನ ಐದು ಪುರಸಭೆಗಳನ್ನು ಹೆಸರಿಸುತ್ತದೆ: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಇಂದು ಕುಶಾಲನಗರವೆನಿಸಿರುವ ಫ್ರೇಸರ್‌ಪೇಟೆ, ಮತ್ತು ಕೊಡ್ಲಿಪೇಟೆ. ಈ ಸಾಲನ್ನು ನಮ್ಮೂರಿನ ಹುಡುಗರಿಗೆ ತೋರಿಸಿದರೆ ನಂಬುವುದಿಲ್ಲ. ಉಳಿದ ನಾಲ್ಕೂ ಇವತ್ತು ತಾಲ್ಲೂಕು ಕೇಂದ್ರಗಳು. ಐದನೆಯದು ಮಾತ್ರ ಗ್ರಾಮ ಪಂಚಾಯಿತಿ. ಊರಿಗೆ ಏನಾಯಿತು ಎಂದು ಕೇಳುವವರು ಎರಡನೇ ಮಹಾಯುದ್ಧ ಮುಗಿದ 1945ರಿಂದ 1956ರವರೆಗಿನ ಕಾಲವನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಆಗ ಕೊಡಗು ಬೇರೆ ಆಡಳಿತ, ಹಾಸನದ ಕಡೆಯದು ಮೈಸೂರಿನದು. ನಮ್ಮ ನೆಂಟಸ್ತಿಕೆಯೆಲ್ಲ ಆಲೂರು, ಅರಕಲಗೂಡು, ಸಕಲೇಶಪುರದ ಕಡೆ. ಕಚೇರಿ ಮಾತ್ರ ದೂರದ ಮಡಿಕೇರಿಯಲ್ಲಿ. ಎರಡು ಸರ್ಕಾರಗಳ ನಡುವೆ ಇದ್ದುದರಿಂದಲೇ ಪೇಟೆಗೆ ಬೆಲೆಯಿತ್ತು. ಆಚೆಯವರು ಇಲ್ಲಿ ಮಾರುತ್ತಿದ್ದರು, ಈಚೆಯವರು ಇಲ್ಲೇ ಕೊಳ್ಳುತ್ತಿದ್ದರು. ಯುದ್ಧಕಾಲದಲ್ಲಿ ಹುಟ್ಟಿದ ರೇಷನ್ ವ್ಯವಸ್ಥೆ ಯುದ್ಧ ಮುಗಿದರೂ ಹೋಗಲಿಲ್ಲ. ಪರವಾನಗಿ ಇಲ್ಲದೆ ಗಡಿ ದಾಟಿಸಿದ ಅಕ್ಕಿ ಕಳ್ಳಮಾಲು. ಕೊಡಗು ಆಗ ತಿಂದು ಮಿಗುವಷ್ಟು ಭತ್ತ ಬೆಳೆಯುತ್ತಿದ್ದ ಸೀಮೆ. ಹೊಳೆಯಾಚೆ ಮಗಳನ್ನು ಕೊಟ್ಟ ಅಪ್ಪ ಅವಳ ಮನೆಗೆ ತನ್ನ ಗದ್ದೆಯ ಒಂದು ಮೂಟೆ ಅಕ್ಕಿ ಒಯ್ಯಬೇಕೆಂದರೂ ಕಾನೂನು ಅಡ್ಡ ಬರುತ್ತಿತ್ತು. ಸೀಮೆಎಣ್ಣೆ, ಬಟ್ಟೆ, ಸಕ್ಕರೆ ಎಲ್ಲದಕ್ಕೂ ಚೀಟಿ. ಸಕ್ಕರೆ ಸಾಲದ ಮನೆಯಲ್ಲಿ ಬೆಲ್ಲದ ಕಾಫಿ. 1954ರ ಹೊತ್ತಿಗೆ ದೇಶದಲ್ಲಿ ಆಹಾರಧಾನ್ಯದ ನಿಯಂತ್ರಣ ತೆಗೆದ ಮೇಲೆ ಜನ ಉಸಿರಾಡಿದರು.

ಕಾಫಿಯ ಕಥೆ ಇನ್ನೊಂದು. ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು 1940ರಲ್ಲಿ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಬಂತು, 1942ರ ಕಾಯ್ದೆಯಡಿ ಕಾಫಿ ಬೋರ್ಡು ನೆಲೆ ನಿಂತಿತು. ಬೆಳೆದದ್ದನ್ನು ಪೂಲಿಗೆ ಕೊಡಬೇಕಿತ್ತು. ದುಡ್ಡು ಒಂದೇ ಸಲ ಕೈಗೆ ಬರುತ್ತಿರಲಿಲ್ಲ, ಮಾಲು ಮಾರಿದಂತೆಲ್ಲ ಕಂತು ಕಂತಾಗಿ ಬರುತ್ತಿತ್ತು. ಸಣ್ಣ ಬೆಳೆಗಾರ ಮನೆಯ ಮದುವೆ, ಸಾಲದ ಬಡ್ಡಿ ಎಲ್ಲವನ್ನೂ ಆ ಕಂತಿಗೆ ಹೊಂದಿಸಿಕೊಳ್ಳುವುದನ್ನು ಕಲಿತ. ಪೂಲನ್ನು ಬೈದವರೂ ಇದ್ದಾರೆ. ಆದರೆ ಒಂದಿಷ್ಟು ಭರವಸೆಯ ಬೆಲೆ ಸಿಕ್ಕಿದ್ದರಿಂದಲೇ ನಮ್ಮ ಕಡೆಯ ಎರಡು ಮೂರು ಎಕರೆಯವರು ಕಾಫಿ ಗಿಡ ನೆಡುವ ಧೈರ್ಯ ಮಾಡಿದರು ಎಂದೇ ನಾನು ಹೇಳುತ್ತೇನೆ.

ಜನಗಣತಿಯ ಲೆಕ್ಕದಂತೆ 1941ರಲ್ಲಿ ಕೊಡಗಿನ ಜನಸಂಖ್ಯೆ 1,68,726, 1951ರಲ್ಲಿ 2,29,405. ಹತ್ತು ವರ್ಷಕ್ಕೆ ನೂರಕ್ಕೆ 36ರಷ್ಟು ಏರಿಕೆ ಬರೀ ಹೆರಿಗೆಯಿಂದ ಆಗುವಂಥದ್ದಲ್ಲ, ಹೊರಗಿನಿಂದ ಬಂದು ನೆಲೆಸಿದವರದ್ದೂ ಅದರಲ್ಲಿ ಸೇರಿದೆ. ಮಲೆನಾಡಿನ ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯ ಕೂಲಿಯವರು ಹಿಂದೆ ಕೊಯ್ಲು ಮುಗಿಸಿ ಊರು ಸೇರುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಗೋಡೆಗೋಡೆಗೂ ಡಿಡಿಟಿ ಹೊಡೆದ ಮೇಲೆ ಉಳಿದಿದ್ದ ಹೆದರಿಕೆಯೂ ಇಳಿಯಿತು. ತೋಟದ ಲೈನ್ ಮನೆಗಳಲ್ಲಿ ಮಕ್ಕಳು ಹುಟ್ಟಿ ಬೆಳೆದರು. ಅವರು ಈಗ ನಮ್ಮೂರಿನವರೇ.

ಸುಗ್ಗಿಯ ವಿಷಯ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಗ್ರಾಮದೇವತೆಯ ಸುಗ್ಗಿ ನಮ್ಮ ಸೀಮೆಗೆ ವರ್ಷದ ದೊಡ್ಡ ಹಬ್ಬ. ಸಾರು ಹಾಕಿದರೆಂದರೆ, ಅಂದರೆ ಸುಗ್ಗಿಯ ಕಟ್ಟುಪಾಡು ಶುರುವಾಯಿತೆಂದು ಸಾರಿದರೆಂದರೆ, ಹಸಿ ಮರಕ್ಕೆ ಕೊಡಲಿ ಇಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ; ಬಾಣಲೆಯ ಸದ್ದಿಲ್ಲದೆ ಇಡೀ ಊರು ಬೇಯಿಸಿದ್ದನ್ನೇ ಉಣ್ಣಬೇಕು. ಗದ್ದೆಯೊಂದೇ ಬದುಕಾಗಿದ್ದಾಗ ಇದು ಕಷ್ಟವಾಗಿರಲಿಲ್ಲ, ಕೊಯ್ಲು ಮುಗಿದು ಕೈ ಖಾಲಿಯಿರುವ ಕಾಲ ಅದು. ಕಾಫಿ ಬಂದ ಮೇಲೆ ಹಾಗಿಲ್ಲ. ಕಾಫಿ ಹೂವರಳಿಸುವ ಹೂಮಳೆ ಬರುವುದೂ ಅದೇ ದಿನಗಳಲ್ಲಿ, ತೋಟದ ಕೆಲಸ ಕಾಯುವುದಿಲ್ಲ. ದೇವರ ಸಾರಿಗೂ ಮೇಸ್ತ್ರಿಯ ಹಾಜರಿಗೂ ನಡುವೆ ಎಷ್ಟೋ ಮನೆಗಳು ಸಿಕ್ಕಿಕೊಂಡವು. ಆದರೂ ಸುಗ್ಗಿ ನಿಂತಿಲ್ಲ. ಅದರ ಹಾಡು, ಕಟ್ಟುಪಾಡು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಬರೆದಿಟ್ಟವರು ಕಡಿಮೆ.

ರಾಜಕೀಯವನ್ನು ಚುಟುಕಾಗಿ ಹೇಳುತ್ತೇನೆ. ಕೊಡಗು ಸಂವಿಧಾನದ 'ಸಿ' ಭಾಗದ ರಾಜ್ಯವಾಗಿ 1952ರಲ್ಲಿ 24 ಸ್ಥಾನಗಳ ವಿಧಾನಸಭೆ ಪಡೆಯಿತು. ಆಸ್ತಿ, ತೆರಿಗೆಯ ಲೆಕ್ಕ ನೋಡದೆ ಎಲ್ಲರಿಗೂ ಓಟು. ತೋಟದ ಧಣಿಯೂ ಆಳೂ ಒಂದೇ ಸಾಲಿನಲ್ಲಿ ನಿಂತರು. ಕಾಂಗ್ರೆಸ್ 15 ಸ್ಥಾನ ಗೆದ್ದು ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷ ಮೈಸೂರಿನೊಂದಿಗೆ ವಿಲೀನ ಬೇಡವೆಂದಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು.

ಹೊಳೆಯ ಎರಡೂ ದಡ ಒಂದೇ ರಾಜ್ಯವಾಯಿತೆಂದು ನಮ್ಮ ಕಡೆಯವರಿಗೆ ಸಂತೋಷವಾಗದೆ ಇದ್ದೀತೆ? ಆ ಸಂತೋಷ ಸುಳ್ಳಲ್ಲ. ಆದರೆ ಗಡಿಯೊಂದಿಗೆ ಗಡಿಪೇಟೆಯ ವ್ಯಾಪಾರವೂ ಹೋಯಿತು. ಹಾಸನಕ್ಕೆ ನೇರ ಹೋಗುವವನಿಗೆ ಇಲ್ಲಿ ಇಳಿಯುವ ಕೆಲಸವಿಲ್ಲ. 24 ಶಾಸಕರಿದ್ದ ಕೊಡಗಿಗೆ ಈಗ ಇಬ್ಬರು. ಜಿಲ್ಲೆಯ ತುತ್ತತುದಿಯ ಹೋಬಳಿಯ ಮಾತು ಅವರವರೆಗೆ ಮುಟ್ಟುವುದು ನಿಧಾನ. ತಾಲ್ಲೂಕು ವಿಂಗಡಿಸಿದಾಗಲೂ ನಮ್ಮ ಹೆಸರು ಬರಲಿಲ್ಲ.

ಪುರಸಭೆಯ ಕಂದಾಯ ರಸೀದಿ, ರೇಷನ್ ಚೀಟಿ, ಪೂಲಿಗೆ ಕಾಫಿ ಕೊಟ್ಟ ಕಾಗದ ಇನ್ನೂ ಕೆಲವು ಮನೆಗಳ ಪೆಟ್ಟಿಗೆಯಲ್ಲಿ ಇದ್ದಾವು. ಗೆದ್ದಲಿಗೆ ಬಿಡಬೇಡಿ, ಹರಿದಿದ್ದರೂ ಎಸೆಯಬೇಡಿ. ಒಂದೊಂದು ಪ್ರತಿ ಊರಿನ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಕೊಡ್ಲಿಪೇಟೆ ಪಟ್ಟಣವಾಗಿತ್ತು ಎಂದು ನಾಳೆ ವಾದಿಸುವವನಿಗೆ ಅವೇ ದಾಖಲೆ.